ಬೈಬಲಿನ ಕೀರ್ತನೆಗಳನ್ನು ಪ್ರಾರ್ಥನೆಯಾಗಿ ಓದುವುದು ಹೇಗೆ?

ಪ್ರಶ್ನೆ: ಪ್ರಾರ್ಥನೆಗೆ ಕೂತರೆ ನನಗೆ ಮಾತೇ ಬರುವುದಿಲ್ಲ, ಅದಕ್ಕೆ ಕೀರ್ತನೆಗಳನ್ನು ಓದೋಣ ಅಂತಿದ್ದೇನೆ. 1ರಿಂದ 150ರ ತನಕ ಸಾಲಾಗಿ ಓದಬೇಕಾ? 109ರಂಥ ಶಾಪದ ಮಾತುಗಳನ್ನು ಏನು ಮಾಡುವುದು?

ಉತ್ತರ 1: ಸಾಲಾಗಿಯೇ ಆಗಬೇಕೆಂದಿಲ್ಲ ಬ್ರದರ್. 13ರಿಂದ ಶುರು ಮಾಡಿ, ಬರೀ 6 ವಚನ. ಇನ್ನೂ ಎಷ್ಟು ಕಾಲ ಎಂದು ಅದರಲ್ಲಿ ಮತ್ತೆ ಮತ್ತೆ ಕೇಳುವುದಿದೆ, ಅಲ್ಲಿ ನಿಲ್ಲಿಸಿ ನಿಮ್ಮ ನೋವನ್ನು ನಿಮ್ಮದೇ ಮಾತಲ್ಲಿ ಹೇಳಿಕೊಂಡು ಆಮೇಲೆ ಮುಂದಿನ ವಚನಕ್ಕೆ ಹೋಗಿ. ಬಾಯಿಬಿಟ್ಟು ಓದಿ.

ಉತ್ತರ 2: ಸಾಲಾಗಿ ಬೇಕಿದ್ದರೆ ದಿನಕ್ಕೆ 5 ಓದಿ, 30 ದಿನಕ್ಕೆ ಮುಗಿಯುತ್ತದೆ. 119 ಮಾತ್ರ 176 ವಚನ, ಹಂಚಿಕೊಳ್ಳಿ.

ಉತ್ತರ 3: 109ನ್ನು ಬಿಡಬೇಡಿ. ಸಿಟ್ಟನ್ನು ಜನರ ಮೇಲೆ ತೀರಿಸದೆ ದೇವರಿಗೆ ಒಪ್ಪಿಸುವುದೂ ಪ್ರಾರ್ಥನೆಯೇ ಅಲ್ವಾ? 88ನೇ ಕೀರ್ತನೆ ಸಮಾಧಾನವೇ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದೂ 22ರ ಮೊದಲ ಮಾತನ್ನೇ.