‘ಸ್ನಿಗ್ಧ’ ಎಂದರೆ ಜಾರುವುದೋ, ತಡೆಯುವುದೋ?

ಬಲ್ಲವರಿಗೆ ನಮಸ್ಕಾರ.

ಅಯಾನು ದ್ರವಗಳನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಕರಗಿ ದ್ರವವಾಗುವ ಲವಣಗಳಿವು. ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಕಣ. ಅಡುಗೆಯ ಉಪ್ಪು ಕಾದು ಕರಗಿ ದ್ರವವಾಗಲು 801 ಡಿಗ್ರಿ ಬೇಕು. 1914ರಲ್ಲಿ ರಸಾಯನವಿಜ್ಞಾನಿ ಪೌಲ್ ವಾಲ್ಡೆನ್ ವಿವರಿಸಿದ ಈಥೈಲ್ ಅಮೋನಿಯಂ ನೈಟ್ರೇಟಿಗೆ ಸುಮಾರು 12 ಡಿಗ್ರಿ ಸಾಕು. ಉಷ್ಣತೆ, ಒತ್ತಡಗಳಿಗೆ ತಕ್ಕಂತೆ ಇವುಗಳ ವಿಸ್ಕಾಸಿಟಿ, ಅಂದರೆ ಹರಿಯಲು ದ್ರವ ಒಡ್ಡುವ ತಡೆ, ಹೇಗೆ ಏರಿಳಿಯುತ್ತದೆ ಎಂಬುದೇ ಲೇಖನದ ತಿರುಳು. ನಾನು ಸಿಕ್ಕಿಕೊಂಡಿರುವುದೂ ಅಲ್ಲಿಯೇ.

ಪಠ್ಯಪುಸ್ತಕಗಳು ಇದನ್ನು ‘ಸ್ನಿಗ್ಧತೆ’ ಎನ್ನುತ್ತವೆ. ಸಂಸ್ಕೃತದ ‘ಸ್ನಿಹ್’ ಧಾತುವಿನಿಂದ ಬಂದ ಪದ. ಎಣ್ಣೆ, ಅಕ್ಕರೆ ಎರಡನ್ನೂ ಸೂಚಿಸುವ ‘ಸ್ನೇಹ’ ಅದರ ಒಡಹುಟ್ಟು. ‘ಸ್ನಿಗ್ಧ ನಗು’ ಎಂದರೆ ನಮಗೆ ಹೊಳೆಯುವುದು ನಯ, ಮಾರ್ದವ. ಭೌತವಿಜ್ಞಾನ ಹೇಳುತ್ತಿರುವುದೋ ದ್ರವದ ಪದರಗಳು ಒಂದನ್ನೊಂದು ಹಿಡಿದೆಳೆಯುವ ಒಳತಿಕ್ಕಾಟವನ್ನು. ಈ ದ್ರವಗಳನ್ನು ಕೀಲೆಣ್ಣೆಯಾಗಿ ಬಳಸುವ ಪ್ರಸ್ತಾಪವೂ ಲೇಖನದಲ್ಲಿದೆ. ‘ಒತ್ತಡ ಏರಿದಂತೆ ಸ್ನಿಗ್ಧತೆಯೂ ಏರುತ್ತದೆ’ ಎಂದು ಬರೆದು ಅಕ್ಕನಿಗೆ ಓದಿ ಹೇಳಿದೆ. ‘ಹಾಗಾದರೆ ಇನ್ನೂ ಚೆನ್ನಾಗಿ ಜಾರುತ್ತದೆ’ ಎಂದಳು. ತಪ್ಪು ಅವಳದಲ್ಲ.

‘ಅಂಟು’, ‘ಜಿಗುಟು’ ಎನ್ನೋಣವೆಂದರೆ ಮೂಲದ ಲ್ಯಾಟಿನ್ ಪದವೇ ಬೆಂಬಲಕ್ಕೆ ನಿಲ್ಲುತ್ತದೆ. ‘ವಿಸ್ಕಮ್’ ಎಂದರೆ ನಮ್ಮ ಬಂದಳಿಕೆಯಂತೆ ಮರದ ಮೇಲೆಯೇ ಬೇರೂರಿ ಬದುಕುವ ಒಂದು ಗಿಡ. ಅದರ ಹಣ್ಣಿನಿಂದ ಹಕ್ಕಿ ಹಿಡಿಯುವ ಅಂಟು ಮಾಡುತ್ತಿದ್ದರು. ಆದರೆ ಅಂಟುವುದು ಕೈಗೆ, ಪಾತ್ರೆಗೆ, ಹಕ್ಕಿಯ ಕಾಲಿಗೆ. ಇಲ್ಲಿ ಹೇಳಬೇಕಾದದ್ದು ದ್ರವ ತನ್ನೊಳಗೇ ತನ್ನನ್ನು ತಡೆಯುವ ಸಂಗತಿ.

ನನ್ನ ಒಲವು ‘ಮಂದ’ದ ಕಡೆಗೆ. ಗಂಜಿ ಮಂದವಾಯಿತು, ಪಾಕ ಮಂದವಾಯಿತು ಎನ್ನುತ್ತೇವೆ. ನಿಧಾನ ಎಂಬ ಅರ್ಥವೂ ಅದರಲ್ಲೇ ಇರುವುದರಿಂದ ಹರಿವಿನ ಮಾತಿಗೆ ಚೆನ್ನಾಗಿ ಒಪ್ಪುತ್ತದೆ. ಅನುವಾದದ ಒಂದು ತುಣುಕನ್ನು ಹೀಗೆ ಬರೆದು ನೋಡಿದೆ:

‘ಬ್ಯೂಟೈಲ್ ಮೀಥೈಲ್ ಇಮಿಡಜೋಲಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಅಯಾನು ದ್ರವ 25 ಡಿಗ್ರಿಯಲ್ಲಿ ನೀರಿಗಿಂತ ಸುಮಾರು 300 ಪಟ್ಟು ಮಂದ. 70 ಡಿಗ್ರಿಗೆ ಕಾಯಿಸಿದರೆ ಆ ಮಂದತೆ ಐದನೆಯ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಪರಸ್ಪರ ಸೆಳೆತದಲ್ಲಿ ಕಟ್ಟುಬಿದ್ದ ಧನ, ಋಣ ಅಯಾನುಗಳಿಗೆ ಕಾವು ಅಲುಗಾಡುವ ಬಲವನ್ನೂ ನುಸುಳುವ ತೆರವನ್ನೂ ಕೊಡುತ್ತದೆ. ಒತ್ತಡ ಆ ತೆರವನ್ನು ಕಿತ್ತುಕೊಳ್ಳುತ್ತದೆ: 25 ಡಿಗ್ರಿಯಲ್ಲೇ ಇರಿಸಿ ವಾಯುಮಂಡಲದ ಒತ್ತಡದ ಸಾವಿರ ಪಟ್ಟು ಒತ್ತಿದರೆ ಮಂದತೆ ಎರಡು ಪಟ್ಟಿಗೂ ಮೇಲೇರುತ್ತದೆ.’

ಓದಲು ಹಿತವಾಗಿದೆ ಎಂದು ನನ್ನ ನಂಬಿಕೆ. ಒಂದೇ ಅಳುಕು: ‘ಮಂದ’ ಎಂದೊಡನೆ ದಪ್ಪ, ದಟ್ಟ, ಅಲ್ಲಿಂದ ಸಾಂದ್ರತೆ ಎಂದು ಓದುಗರು ಜಾರಿಬಿಟ್ಟರೆ? ಹರಳೆಣ್ಣೆ ನೀರಿಗಿಂತ ನೂರಾರು ಪಟ್ಟು ಮಂದ, ಆದರೂ ನೀರಿನ ಮೇಲೆ ತೇಲುತ್ತದೆ. ಈ ಎರಡು ಗುಣಗಳನ್ನು ಬೇರೆಯಾಗಿ ಇಡದಿದ್ದರೆ ಲೇಖನವೇ ಕೆಟ್ಟಂತೆ. ‘ಹರಿತಡೆ’ ಎಂದು ಹೊಸ ಪದ ಹೊಸೆದೂ ನೋಡಿದೆ. ಚಾಕುವಿನ ಹರಿತ ನೆನಪಾಗಿ ಅಲ್ಲಿಗೇ ಬಿಟ್ಟೆ.

ಸೂತ್ರ, ಕೋಷ್ಟಕಗಳಲ್ಲಿ ‘ಸ್ನಿಗ್ಧತೆ’ಯನ್ನೇ ಉಳಿಸಿಕೊಂಡು, ಮೊದಲ ಸಲ ಬರುವಾಗ ಅರ್ಥ ಬಿಡಿಸಿ ಹೇಳಿ, ನಡುವಿನ ಮಾತಿನಲ್ಲೆಲ್ಲ ‘ಮಂದವಾಗು’, ‘ತೆಳುವಾಗು’ ಎಂದು ಬಳಸಬಹುದೇ? ಒಂದೇ ಪರಿಕಲ್ಪನೆಗೆ ಎರಡು ಪದ ಸಲ್ಲದು ಎನ್ನುವವರಿದ್ದಾರೆ. ವಿಜ್ಞಾನದ ಬರಹದಲ್ಲಿ ಆ ಆಕ್ಷೇಪ ಹಗುರವಾದದ್ದಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ‘ಅಯಾನು ದ್ರವ’ ಎಂದೇ ಇಡಲೇ, ‘ದ್ರವಲವಣ’ ಎನ್ನಲೇ? ‘ದ್ರವ ಉಪ್ಪು’ ಬೇಡ, ಉಪ್ಪುನೀರು ಎಂದೇ ತಿಳಿಯುತ್ತಾರೆ. ಇವುಗಳಲ್ಲಿ ನೀರು ಇರಲೇಬೇಕಿಲ್ಲ. ಒಂದಿಷ್ಟು ಬೆರೆತರೂ ಮಂದತೆ ಥಟ್ಟನೆ ಇಳಿದು ಅಳತೆಯೇ ಹಾಳಾಗುತ್ತದೆ.

ಕಬ್ಬಿನ ಸೀಮೆಯವರಲ್ಲಿ ಒಂದು ಕೋರಿಕೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಹದಕ್ಕೆ ಬರುತ್ತಿರುವಾಗ ಸೌಟಿಗೆ ಕೊಡುವ ಆ ತಡೆಗೆ, ಬೆಳಗಿನ ಚಳಿಯಲ್ಲಿ ಜೋನಿಬೆಲ್ಲ ಡಬ್ಬಿಯಿಂದ ಇಳಿಯಲು ಮಾಡುವ ಹಟಕ್ಕೆ, ನಿಮ್ಮ ಕಡೆ ಬೇರೆಯೇ ಮಾತು ಇದೆಯೇ? ಇದ್ದರೆ ಅದು ಬಳಕೆಯಾಗುವ ಒಂದು ವಾಕ್ಯದ ಸಮೇತ ತಿಳಿಸಿ.