ಪರದೆಯಲ್ಲಿ ಗ್ರಾಫ್ ಇದೆ, ಕಾಗದದಲ್ಲಿ ಇಲ್ಲ: ರೀಫರ್ ಡೇಟಾ ಪ್ರಿಂಟ್ ಸಮಸ್ಯೆ

ಬೈಕಂಪಾಡಿ_ಯಾರ್ಡ್
ಎರಡು ದಿನಗಳಿಂದ ತಲೆ ಕೆಟ್ಟಿದೆ. ನಲವತ್ತು ಅಡಿಯ ರೀಫರ್ (ಶೀತಲ ಕಂಟೇನರ್), ಒಳಗೆ ಹೆಪ್ಪುಗಟ್ಟಿದ ಬೊಂಡಾಸ್ (ಸ್ಕ್ವಿಡ್), ಸೆಟ್ ಪಾಯಿಂಟ್ (ಯಂತ್ರಕ್ಕೆ ಹೊಂದಿಸಿಟ್ಟ ತಾಪಮಾನ) ಮೈನಸ್ 20 ಡಿಗ್ರಿ. ಹಡಗು ತಡವಾಗಿ ಡಬ್ಬ ಆರು ದಿನ ನಮ್ಮ ಯಾರ್ಡಿನಲ್ಲಿ ಪ್ಲಗ್ ಮೇಲಿತ್ತು. ಆ ಆರು ದಿನಗಳ ತಾಪಮಾನದ ದಾಖಲೆಯನ್ನು ಸಹಿ, ಮೊಹರು ಹಾಕಿ ಕಾಗದದಲ್ಲೇ ಕೊಡಬೇಕೆಂದು ಪಾರ್ಟಿ ಪಟ್ಟು ಹಿಡಿದಿದ್ದಾರೆ. ರೀಫರ್ ಯಂತ್ರದಿಂದ ಲ್ಯಾಪ್‌ಟಾಪಿಗೆ ಡೇಟಾ ಇಳಿಸಿಕೊಂಡು ಪ್ರಿಂಟ್ ಕೊಟ್ಟರೆ ಹಾಳೆ ಖಾಲಿ. ಎಡ ಮೂಲೆಯಲ್ಲಿ ಕಡ್ಡಿಯಷ್ಟು ಏನೋ ಗೀಚಿದಂತಿರುತ್ತದೆ, ಅಷ್ಟೇ. ಪ್ರಿಂಟರ್ ಸರಿಯಾಗಿದೆ, ಗೇಟ್ ಪಾಸ್ ಎಲ್ಲ ಚೆನ್ನಾಗಿಯೇ ಬರುತ್ತಿದೆ.

ಹಳೇ_ಮೆಕ್ಯಾನಿಕ್
ಕೇಬಲ್. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಗ್ಗದ ಕನ್ವರ್ಟರ್ ಹಾಕಿದ್ದೀರಿ, ಕಣ್ಣು ಮುಚ್ಚಿ ಹೇಳುತ್ತೇನೆ. ಡೇಟಾ ಅರ್ಧಕ್ಕೇ ನಿಂತಿದೆ.

ವಲ್ಲಾರ್‌ಪಾಡಂ_ಕನ್ನಡಿಗ
ಯಾವ ಯಂತ್ರ ಸರ್? ಕ್ಯಾರಿಯರ್, ಥರ್ಮೋ ಕಿಂಗ್, ಡೈಕಿನ್, ಸ್ಟಾರ್ ಕೂಲ್, ಒಂದೊಂದರ ಸಾಫ್ಟ್‌ವೇರ್ ಒಂದೊಂದು ಬಗೆ. ವಿಂಡೋಸ್ ಯಾವುದು?

ಬೈಕಂಪಾಡಿ_ಯಾರ್ಡ್
ಎಲ್ಲರೂ ಬಳಸುವ ಸಾಫ್ಟ್‌ವೇರೇ. ವಿಂಡೋಸ್ 10. ಡೌನ್‌ಲೋಡ್ ಪೂರ್ತಿ ಆಗಿದೆ, ಪರದೆಯ ಮೇಲೆ ಗ್ರಾಫ್ ಕೊನೆಯ ಗಂಟೆಯವರೆಗೂ ಕಾಣುತ್ತಿದೆ. ಕೇಬಲ್ ಮಾತು ಬೇಡ.

ಹಳೇ_ಮೆಕ್ಯಾನಿಕ್
ಪರದೆಯಲ್ಲಿ ಕಂಡಿತು ಎಂದ ಮಾತ್ರಕ್ಕೆ ಕಡತ ಸರಿಯಿದೆ ಎಂದಲ್ಲ. ಕೇಬಲ್ ಬದಲಿಸಿ ಇನ್ನೊಮ್ಮೆ ಇಳಿಸಿಕೊಳ್ಳಿ. ನನ್ನ ಬಳಿ ಒಂಬತ್ತು ಪಿನ್ನಿನ ಪೋರ್ಟ್ ಇರುವ ಹಳೆಯ ಲ್ಯಾಪ್‌ಟಾಪ್ ಇದೆ, ವಿಂಡೋಸ್ ಎಕ್ಸ್‌ಪಿ. ಅದಕ್ಕೊಂದು ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಇಂದಿಗೂ ಒಂದು ಹಾಳೆ ಹಾಳಾಗಿಲ್ಲ. ಈಗಿನವರು ತೆಳ್ಳಗಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಪೋರ್ಟ್ ಎಲ್ಲಿ ಎಂದು ಹುಡುಕುತ್ತಾರೆ.

ಮೈನಸ್_ಹದಿನೆಂಟು
ಗ್ರಾಫ್ ಯಾಕೆ ಕೊಡುತ್ತೀರಿ ಮಾರಾಯರೇ? ಕಪ್ಪು ಬಿಳುಪು ಪ್ರಿಂಟಿನಲ್ಲಿ ಸೆಟ್ ಪಾಯಿಂಟ್, ಸಪ್ಲೈ (ಯಂತ್ರ ಒಳಗೆ ಊದುವ ಗಾಳಿ), ರಿಟರ್ನ್ (ಸರಕು ಸುತ್ತಿ ಯಂತ್ರಕ್ಕೆ ಮರಳುವ ಗಾಳಿ) ಮೂರು ಗೆರೆಗಳೂ ಒಂದೇ ಆಗಿ ಕಾಣುತ್ತವೆ. ಡೀಫ್ರಾಸ್ಟ್ ಆದಾಗಲೆಲ್ಲ, ಅಂದರೆ ಯಂತ್ರ ತನ್ನ ಕಾಯಿಲ್ ಮೇಲಿನ ಮಂಜು ಕರಗಿಸಿಕೊಳ್ಳುವಾಗಲೆಲ್ಲ, ಗೆರೆ ಮೇಲಕ್ಕೆ ಚಿಮ್ಮಿರುತ್ತದೆ, ಅದನ್ನು ನೋಡಿದ ಪಾರ್ಟಿ ಸರಕೇ ಕರಗಿತು ಎಂದು ಬೊಬ್ಬೆ ಹಾಕುತ್ತಾರೆ. ಪಟ್ಟಿ ಕೊಡಿ. ಗಂಟೆಗೊಂದು ದಾಖಲೆ ಎಂದರೆ ಆರು ದಿನಕ್ಕೆ 144 ಸಾಲು. ಸಪ್ಲೈ ಕಾಲಮ್ಮಿಗೆ ಗುರುತು ಹಾಕಿದರೆ ಸಾಕು.

ವಲ್ಲಾರ್‌ಪಾಡಂ_ಕನ್ನಡಿಗ
ಸಪ್ಲೈ ಅಲ್ಲ. ಹೆಪ್ಪುಗಟ್ಟಿದ ಸರಕಿಗೆ ಯಂತ್ರ ನಡೆಯುವುದು ರಿಟರ್ನ್ ಗಾಳಿಯ ಲೆಕ್ಕದಲ್ಲಿ. ಸಪ್ಲೈ ನೋಡುವುದು ಹಣ್ಣು, ತರಕಾರಿಗೆ.

ಮೈನಸ್_ಹದಿನೆಂಟು
ನನಗೂ ಗೊತ್ತು. ಪಾರ್ಟಿ ಕೇಳುವುದು ಸಪ್ಲೈಯನ್ನೇ.

ವಲ್ಲಾರ್‌ಪಾಡಂ_ಕನ್ನಡಿಗ
ಪಾರ್ಟಿ ಕೇಳಿದರೆಂದು ತಪ್ಪು ಕಾಲಮ್ಮಿಗೆ ಗುರುತು ಹಾಕುತ್ತೀರಾ? ನಾಳೆ ಸರಕು ಪರಿಶೀಲಿಸುವ ಸರ್ವೇಯರ್ ಬಂದರೆ ಯಾರು ಉತ್ತರ ಕೊಡುವುದು?

ಬೈಕಂಪಾಡಿ_ಯಾರ್ಡ್
ಸ್ವಾಮೀ, ಪಟ್ಟಿಯೂ ಖಾಲಿಯೇ ಬರುತ್ತಿದೆ. ಮೊದಲು ಅಕ್ಷರ ಮೂಡಲಿ, ಕಾಲಮ್ಮಿನ ಜಗಳ ಆಮೇಲೆ ಆಡೋಣ.

ವಲ್ಲಾರ್‌ಪಾಡಂ_ಕನ್ನಡಿಗ
ಕ್ಷಮಿಸಿ. ಪಿಡಿಎಫ್ ಮಾಡಿ ನೋಡಿದಿರಾ?

ಬೈಕಂಪಾಡಿ_ಯಾರ್ಡ್
ಅದರಲ್ಲೂ ಹಾಗೆಯೇ. ಎ4 ಹಾಳೆ, ಎಲ್ಲ ಮೂಲೆಗೆ ಸೇರಿಕೊಂಡಿದೆ. ಹಿಗ್ಗಿಸಿ ನೋಡಿದರೆ ಕಂಟೇನರ್ ನಂಬರಿನ ನಾಲ್ಕು ಅಕ್ಷರಗಳು ಕಾಣುತ್ತವೆ, ಏಳು ಅಂಕಿಗಳು ಇಲ್ಲ.

ವಲ್ಲಾರ್‌ಪಾಡಂ_ಕನ್ನಡಿಗ
ಹಾಗಾದರೆ ಖಾಲಿಯಲ್ಲ, ಪುಟದ ಅಳತೆ ತಪ್ಪಿದೆ. ಇಂಥ ಹಳೆಯ ಸಾಫ್ಟ್‌ವೇರ್‌ಗಳು ನೀವು ಆರಿಸಿದ ಪ್ರಿಂಟರನ್ನು ಕೇಳುವುದಿಲ್ಲ, ತೆರೆದ ಕೂಡಲೇ ವಿಂಡೋಸಿನ ಡೀಫಾಲ್ಟ್ ಪ್ರಿಂಟರಿನಿಂದ ಅಳತೆ ತೆಗೆದುಕೊಳ್ಳುತ್ತವೆ. ನಿಮ್ಮ ಡೀಫಾಲ್ಟ್ ಯಾವುದು?

ಬೈಕಂಪಾಡಿ_ಯಾರ್ಡ್
ಲೇಸರೇ. ತಡೆಯಿರಿ, ನೋಡಿ ಹೇಳುತ್ತೇನೆ.

ಬೈಕಂಪಾಡಿ_ಯಾರ್ಡ್
ಸ್ಟಿಕ್ಕರ್ ಪ್ರಿಂಟರ್ ಎಂದು ತೋರಿಸುತ್ತಿದೆ. ಕಳೆದ ಶನಿವಾರ ತೂಕದ ಕೋಣೆಯವರು ಅವರ ಕಂಪ್ಯೂಟರ್ ಕೆಟ್ಟಿದೆ ಎಂದು ಇದರಲ್ಲೇ ಸ್ಟಿಕ್ಕರ್ ಹೊಡೆದುಕೊಂಡು ಹೋಗಿದ್ದರು. ನಾಲ್ಕು ಇಂಚು ಅಗಲ, ಎರಡು ಇಂಚು ಎತ್ತರ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದು ಹೊಳೆಯಲೇ ಇಲ್ಲ.

ವಲ್ಲಾರ್‌ಪಾಡಂ_ಕನ್ನಡಿಗ
ಶನಿವಾರದ ಕಥೆಯನ್ನು ಮೊದಲ ಸಾಲಿನಲ್ಲೇ ಹೇಳಬಾರದಿತ್ತೇ! ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ ಎಂಬ ಆಯ್ಕೆ ಇದೆ. ಅದು ಚಾಲೂ ಇದ್ದರೆ ಕೊನೆಗೆ ಬಳಸಿದ ಪ್ರಿಂಟರೇ ಡೀಫಾಲ್ಟ್ ಆಗಿಬಿಡುತ್ತದೆ. ಅದನ್ನು ತೆಗೆದು ಲೇಸರನ್ನು ಆರಿಸಿ, ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಬೈಕಂಪಾಡಿ_ಯಾರ್ಡ್
ಬಂತು! ನಾಲ್ಕು ಹಾಳೆ, ಎಲ್ಲ ಸಾಲೂ ಇದೆ. ಆದರೆ ಈಗ ಇನ್ನೊಂದು ತಕರಾರು. ಡಬ್ಬ ಗೇಟಿಗೆ ಬಂದದ್ದು ಸಂಜೆ 4:10ಕ್ಕೆ, ನಾವು ಪ್ಲಗ್ ಕೊಟ್ಟದ್ದು 4:40ಕ್ಕೆ. ಈ ಪಟ್ಟಿಯಲ್ಲಿ ಕರೆಂಟ್ ಬಂದದ್ದು ಬೆಳಿಗ್ಗೆ 11:10 ಎಂದಿದೆ. ನಾವು ಸುಳ್ಳು ಹೇಳುತ್ತಿದ್ದೇವೆ ಎನ್ನುತ್ತಾರೆ ಪಾರ್ಟಿ.

ಮೈನಸ್_ಹದಿನೆಂಟು
ಅದು ಜಿಎಂಟಿ, ಗ್ರೀನಿಚ್ ಸಮಯ. ಐದೂವರೆ ಗಂಟೆ ಕೂಡಿಸಿ ನೋಡಿ, ಸರಿಯಾಗಿ 4:40. ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು ಸಹಿ ಹಾಕಿ. ಲ್ಯಾಪ್‌ಟಾಪಿನ ಸಮಯವನ್ನೋ ರೀಫರ್ ಯಂತ್ರದ ಕಂಟ್ರೋಲರಿನ ಗಡಿಯಾರವನ್ನೋ ತಿರುಗಿಸಲು ಹೋಗಬೇಡಿ, ಮುಂದಿನ ಬಂದರಿನವರು ನಿಮ್ಮನ್ನು ಶಪಿಸುತ್ತಾರೆ.

ಬೈಕಂಪಾಡಿ_ಯಾರ್ಡ್
ಪೆನ್ನಿನಲ್ಲಿ ಬರೆದದ್ದು ನಡೆಯುವುದಿಲ್ಲವಂತೆ. ಪ್ರಿಂಟಿನಲ್ಲೇ ನಮ್ಮ ಸಮಯ ಬರುವಂತೆ ಮಾಡಿದವರು ಯಾರಾದರೂ ಇದ್ದೀರಾ?

ಹಳೇ_ಮೆಕ್ಯಾನಿಕ್
ನನ್ನ ಎಕ್ಸ್‌ಪಿಯಲ್ಲಿ ಇಂಥ ರಗಳೆಯೇ ಇಲ್ಲ.

ಕಾರವಾರ_ಕೋಲ್ಡ್
ನಡುವೆ ಬಾಯಿ ಹಾಕುತ್ತಿದ್ದೇನೆ. ಮೆಕ್ಯಾನಿಕ್ ಸರ್, ಆ ಡಾಟ್ ಮ್ಯಾಟ್ರಿಕ್ಸಿಗೆ ರಿಬ್ಬನ್ ಎಲ್ಲಿ ತರಿಸುತ್ತೀರಿ? ನನ್ನದು ಮೂರು ತಿಂಗಳಿಂದ ಒಣಗಿ ಕುಳಿತಿದೆ.

ಹಳೇ_ಮೆಕ್ಯಾನಿಕ್
ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಒಂದು ಅಂಗಡಿಯಿದೆ. ಆರು ಒಟ್ಟಿಗೆ ತೆಗೆದುಕೊಂಡರೆ ಕಡಿಮೆ ಮಾಡಿ ಕೊಡುತ್ತಾರೆ.