ಸಹಾಯ ಬೇಕು: ಚಾಂದೋರದ ಹಳೇ ಮನಿ, ಅವ್ವನ ಮೊಣಕಾಲು

ನಮಸ್ಕಾರ್ರೀ ಎಲ್ಲಾರಿಗೂ. ನಾ ಗೋವಾದ ವಾಸ್ಕೋದಾಗ ಇರ್ತೀನಿ. ಬರೋ ಶನಿವಾರ ಧಾರವಾಡದಿಂದ ಅಪ್ಪ-ಅವ್ವ ಬರಾಕತ್ತಾರ. ಅಪ್ಪ ರಿಟೈರ್ ಆದ ಇತಿಹಾಸದ ಮಾಸ್ತರು. ಚಾಂದೋರ ಅಂದ್ರ ಗೋವಾ ಕದಂಬರ ರಾಜಧಾನಿ ಚಂದ್ರಪುರ, ಅಲ್ಲೇ ಉಳಿಯೂಣು ಅಂತ ಹಟ. ಅದಕ್ಕ ಅಲ್ಲೊಂದು ಪೋರ್ಚುಗೀಸ್ ಕಾಲದ ಮನಿ, ರಿಪೇರಿ ಮಾಡಿಸಿ ಅತಿಥಿಗಳಿಗೆ ಕೊಡ್ತಾರ, ಎರಡು ರಾತ್ರಿಗೆ ಬುಕ್ ಮಾಡಿದೆ. ಅರ್ಧ ರೊಕ್ಕ ಕೊಟ್ಟೂ ಆತು.

ಮೊನ್ನೆ ಹೋಗಿ ನೋಡಿ ಬಂದೆ. ಏನು ಚಂದ ಅಂತೀರಿ! ಜಂಬಿಟ್ಟಿಗೆ ಗೋಡಿ, ಬಾಗಿಲ ಮುಂದ ಕೂಡಾಕ ಕಟ್ಟಿ ಇರೋ ಬಲಕಾಂವ್, ಕಿಟಕಿಗೆ ಗಾಜಿನ ಬದ್ಲಿ ತೆಳ್ಳನ ಸಮುದ್ರದ ಚಿಪ್ಪು. ಬಿಸಿಲು ಹಾಲಿನಂಗ ಒಳಗ ಬರ್ತದ. ಆದ್ರ ನಮ್ಮ ಖೋಲಿ ಮ್ಯಾಲ. ಕಟ್ಟಿಗಿ ಮೆಟ್ಟಲ, ನಾನೇ ಗೋಡಿ ಹಿಡಕೊಂಡು ಇಳಿದೆ. ಬಚ್ಚಲ ಕೆಳಗ, ಅಂಗಳ ದಾಟಿ. ಅವ್ವಗ ಮೊಣಕಾಲ ನೋವು, ರಾತ್ರಿ ಎರಡು ಸಲ ಏಳ್ತಾಳ.

ಮಾಲಕರಿಗೆ ಎರಡು ಸಲ ಫೋನ್ ಮಾಡಿದೆ. ಹಳೇ ಗೋಡಿ ಒಡದು ಮ್ಯಾಲ ಬಚ್ಚಲ ಮಾಡಾಕ ಆಗೂದಿಲ್ಲ ಅಂದ್ರು, ಅದೂ ಖರೆನ. ಕೆಳಗ ಅಡಿಗಿಮನಿ ಬಾಜೂ ಒಂದು ಖೋಲಿ ಕೊಡ್ತಾರಂತ. ಅಲ್ಲಿ ದಿನಾ ಮೀನು ಹುರೀತಾರ. ನಮ್ಮವ್ವ ಬಳ್ಳೊಳ್ಳಿ ವಾಸನಿಗೇ ಮೂಗು ಮುಚ್ಚಾಕಿ. ರದ್ದು ಮಾಡಿದ್ರ ಮುಂಗಡ ಹೋತು. ಅಪ್ಪಗ ಇನ್ನೂ ಏನೂ ಹೇಳಿಲ್ಲ.

ವಯಸ್ಸಾದವರನ್ನ ಕರಕೊಂಡು ಇಂಥಾ ಮನ್ಯಾಗ ಉಳಿದವರು ಹೇಳ್ರಿ: ಕೆಳಗಿನ ಖೋಲಿ ತಗೊಳ್ಳಲೋ, ಇಲ್ಲಾ ಮುಂಗಡ ಬಿಟ್ಟು ಮಡಗಾಂವದಾಗ ಲಿಫ್ಟ್ ಇರೋ ಲಾಡ್ಜ್ ಹಿಡಿದು, ಚಾಂದೋರ ಹಗಲಿಗಷ್ಟ ತೋರಿಸಲೋ?